ಸಭೆ ಕರೆಯಬಾರದೆಂಬ ಶಾಸ್ತ್ರ: ಹುಲಗೂರನ್ನು ದೃಷ್ಟಾಂತವಾಗಿಟ್ಟುಕೊಂಡು

ಸಣ್ಣ ಊರಿನಲ್ಲಿ ರಾಜಕೀಯ ಹೋರಾಟ ಕಟ್ಟಹೊರಟವರು ಮಾಡಬಾರದ ಮೊದಲ ಕೆಲಸವೆಂದರೆ ಸಭೆ ಕರೆಯುವುದು. ಇದು ನಮ್ಮ ಪ್ರತಿಜ್ಞೆ. ಪ್ರತಿಜ್ಞೆಯ ಬೆನ್ನಿಗೆ ಹೇತು, ಹೇತುವಿನ ಬೆನ್ನಿಗೆ ದೃಷ್ಟಾಂತ ಎಂಬುದು ತಾರ್ಕಿಕರ ಕ್ರಮವಾದ್ದರಿಂದ, ದೃಷ್ಟಾಂತಕ್ಕೆ ಶಿಗ್ಗಾವಿ ತಾಲೂಕಿನ ಹುಲಗೂರನ್ನು ಆರಿಸಿಕೊಂಡಿದ್ದೇವೆ. ಇಂಥ ಊರಲ್ಲಿ ಸಂಜೆ ಆರಕ್ಕೆ ಸಭೆಯೆಂದು ಸಾರಿದರೆ ಬರುವ ಉತ್ತರ ಒಂದೇ: ‘ಆತೇಳ್ರಿ, ಬರ್ತೀವಿ.’ ಇದು ಸಮ್ಮತಿಯೂ ಅಲ್ಲ, ನಿರಾಕರಣೆಯೂ ಅಲ್ಲ. ಅದ್ವೈತಿಗಳು ಮಾಯೆಗೆ ಕೊಟ್ಟ ಅನಿರ್ವಚನೀಯವೆಂಬ ಪಟ್ಟವನ್ನೇ ಇದಕ್ಕೂ ಕೊಡಬೇಕು. ಆರು ಗಂಟೆಗೆ ಅಲ್ಲಿರುವವರು ಕರೆದಾತ, ಮೈಕಿನವ, ಮತ್ತು ಮೈಕನ್ನು ಮುಟ್ಟಿ ನೋಡಲು ಬಂದ ಹುಡುಗರು. ಅದೇ ಹೊತ್ತಿಗೆ ಹತ್ತು ಮಾರು ಆಚೆಯ ಚಾದಂಗಡಿಯಲ್ಲಿ ಅದೇ ವಿಷಯದ ಮೇಲೆ ಊರಿಗೂರೇ ಜಗಳಾಡುತ್ತಿರುತ್ತದೆ. ಹೊಗೆಯಿದ್ದಲ್ಲಿ ಬೆಂಕಿ ಎಂದು ತಾರ್ಕಿಕರು ಅನುಮಾನಿಸಿದರೆ, ಚಾದಂಗಡಿಯ ಹೊಗೆಯಿದ್ದಲ್ಲಿ ಕೋರಂ ಎಂದು ನಾವು ಅನುಮಾನಿಸುತ್ತೇವೆ. ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯೂ ನಮ್ಮ ಪಕ್ಷವೇ. ಗ್ರಾಮಸಭೆಗೆ ಒಟ್ಟು ಸದಸ್ಯರಲ್ಲಿ ಹತ್ತನೆಯ ಒಂದು ಪಾಲು ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಸಾಕು ಎನ್ನುತ್ತದೆ ಅದು. ‘ಯಾವುದು ಕಡಿಮೆಯೋ’ ಎಂದು ಬರೆದವರು ಯಾರೇ ಇರಲಿ, ಅವರು ಒಮ್ಮೆಯಾದರೂ ಊರಲ್ಲಿ ಸಭೆ ಕರೆದು ನೋಡಿದವರೇ ಇರಬೇಕು.

ಜನಕ್ಕೆ ರಾಜಕೀಯ ಬೇಡವಾಗಿದೆ ಎಂದು ಪಟ್ಟಣದ ಪಂಡಿತರು ಇದಕ್ಕೆ ಕಾರಣ ಹೇಳುವುದುಂಟು. ಶುದ್ಧ ಹೇತ್ವಾಭಾಸ. ಮುಖ್ಯಮಂತ್ರಿಯೊಬ್ಬರನ್ನು ಕೊಟ್ಟು, 2024ರ ನವೆಂಬರಿನಲ್ಲಿ ಉಪಚುನಾವಣೆಯನ್ನೂ ಉಂಡು ಕೈತೊಳೆದ ಶಿಗ್ಗಾವಿ ಕ್ಷೇತ್ರಕ್ಕೆ ರಾಜಕೀಯ ಬೇಡವೆಂದರೆ ನಂಬುವವರು ಯಾರು? ನಿಜವಾದ ಹೇತು ಕುರ್ಚಿಯಲ್ಲಿದೆ. ಸಣ್ಣ ಊರಲ್ಲಿ ಎದುರಾಳಿಯೆಂದರೆ ಅಪರಿಚಿತನಲ್ಲ. ಬೀಗ, ಬದುವಿನ ಪಾಲುದಾರ, ಬಿತ್ತನೆ ಹೊತ್ತಿಗೆ ಟ್ರ್ಯಾಕ್ಟರ್ ಕೊಡಬೇಕಾದವ. ಅವನ ವಿರುದ್ಧದ ಸಭೆಯಲ್ಲಿ ಕುರ್ಚಿ ಹಿಡಿದು ಕೂತರೆ ಕಾಗದದ ಮೇಲೆ ಸಹಿ ಹಾಕಿದ ಹಾಗೇ ಆಯಿತು. ಚಾದಂಗಡಿಯಲ್ಲಿ ಅವನನ್ನು ಬಾಯಿ ತುಂಬ ಬೈದರೂ, ಅವನು ಒಳಗೆ ಬಂದೊಡನೆ ‘ಬರ್ರಿ, ನಿಮ್ಮ ವಿಷಯನ ಮಾತಾಡಾಕತ್ತಿದ್ವಿ’ ಎಂದು ಅರ್ಧ ಚಾ ಅವನ ಮುಂದೆ ಸರಿಸಬಹುದು. ನಡಾವಳಿ ಬರೆಯದಿರುವುದೇ ಚಾದಂಗಡಿ ಕಟ್ಟೆಯ ಸಂವಿಧಾನ. ಇದನ್ನು ಹೇಡಿತನವೆನ್ನುವವರಿಗೆ ಮುಂಗಾರಿನಲ್ಲಿ ಟ್ರ್ಯಾಕ್ಟರ್ ಬೇಕಾಗುವುದಿಲ್ಲ, ಅಷ್ಟೆ.

ಹಾಗಾದರೆ ಕಟ್ಟೆಯ ಮಾತು ಕಟ್ಟೆಯಲ್ಲೇ ಆರಿಹೋಗುವುದಿಲ್ಲವೇ ಎಂಬುದು ಬಲವಾದ ಪೂರ್ವಪಕ್ಷ. ಆರಿಹೋಗುತ್ತದೆ. ಆರದೆ ಉಳಿದದ್ದು ಎಲ್ಲೆಲ್ಲಿ ಎಂದು ಹುಡುಕಿದಾಗ ನಮಗೆ ಸಿಕ್ಕ ವ್ಯಾಪ್ತಿ, ಎಂದರೆ ತಪ್ಪದ ನಂಟು, ಇದು: ಸಿದ್ಧಾಂತ ಇದ್ದಲ್ಲಿ ಭಾಷಣ, ಬಾಕಿ ಇದ್ದಲ್ಲಿ ಚಳವಳಿ. ನಮ್ಮ ಹಾವೇರಿ ಜಿಲ್ಲೆಯವರೇ ಆದ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ 1930ರಲ್ಲಿ ಗಾಂಧೀಜಿಯೊಂದಿಗೆ ದಂಡಿಗೆ ನಡೆದವರು. ಸಿದ್ಧಾಂತಕ್ಕೆ ಅವರಲ್ಲಿ ಕೊರತೆಯಿರಲಿಲ್ಲ. ಆದರೂ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಅವರು ಕೈಯಿಟ್ಟದ್ದು ಸರ್ಕಾರ ವಸೂಲಿ ಮಾಡಿ ಗುಡಿಯಲ್ಲಿ ಇರಿಸಿದ್ದ ಕಂದಾಯದ ಹಣಕ್ಕೆ. ಸಾಮ್ರಾಜ್ಯ ಊರೊಳಗೆ ಲೆಕ್ಕದ ರೂಪದಲ್ಲಿ ಕೂತಿರುತ್ತದೆ ಎಂದು ಅವರಿಗೆ ತಿಳಿದಿತ್ತು. ಇಬ್ಬರು ಸಂಗಾತಿಗಳೊಂದಿಗೆ ಅಲ್ಲೇ ಗುಂಡಿಗೆ ಬಲಿಯಾದರು. 1980ರ ಜುಲೈ 21ರಂದು ನವಲಗುಂದ, ನರಗುಂದಗಳ ರೈತರು ಬೀದಿಗಿಳಿದದ್ದು ಮಲಪ್ರಭೆಯ ನೀರು ಸರಿಯಾಗಿ ತಲುಪುವ ಮೊದಲೇ ಮನೆ ಬಾಗಿಲಿಗೆ ಬಂದ ಅಭಿವೃದ್ಧಿ ಕರದ ನೋಟಿಸಿನಿಂದ. ಅದರ ಬಿಸಿಯಲ್ಲೇ ರಾಜ್ಯ ರೈತ ಸಂಘ ಹುಟ್ಟಿತು, ಸಾಲ ವಸೂಲಿಗೆ ಬರುವ ಅಧಿಕಾರಿ ಅನುಮತಿಯಿಲ್ಲದೆ ಊರೊಳಗೆ ಕಾಲಿಡಬಾರದೆಂಬ ಬೋರ್ಡುಗಳು ಹಳ್ಳಿಹಳ್ಳಿಯಲ್ಲಿ ಎದ್ದವು. ಶಾಸ್ತ್ರದ ಕಣ್ಣಿಗೆ ಈ ಬೋರ್ಡು ಅಪೂರ್ವ ವಸ್ತು: ಯಾರನ್ನೂ ಸಭೆಗೆ ಕರೆಯುವುದಿಲ್ಲ, ಒಬ್ಬನಿಗೆ ಬರಬೇಡ ಎನ್ನುತ್ತದೆ, ಊರು ಒಟ್ಟಾಗುತ್ತದೆ.

2008ರ ಜೂನ್ 10ರಂದು ಹಾವೇರಿಯಲ್ಲಿ ಸೇರಿದ ಜನಕ್ಕೂ ಯಾರೂ ಕರೆಯೋಲೆ ಹಂಚಿರಲಿಲ್ಲ. ಮಳೆ ಬಿದ್ದಿತ್ತು, ಬಿತ್ತಬೇಕಿತ್ತು, ಗೊಬ್ಬರ ಇರಲಿಲ್ಲ. ಗೋಲಿಬಾರಿನಲ್ಲಿ ರೈತರ ಜೀವ ಹೋಯಿತು. ಈ ಪ್ರಮಾಣದ ಮುಂದೆ ಅಣಕಿಗೆ ಜಾಗವಿಲ್ಲ. ನಮ್ಮ ಶಾಸ್ತ್ರವೂ ಇಲ್ಲಿ ಬಾಯಿ ಮುಚ್ಚಿಕೊಂಡು ಮುಂದೆ ಸಾಗಬೇಕು.

ಕಟ್ಟೆ ಗಂಡಸರದು, ಹೆಂಗಸರ ಗತಿಯೇನು ಎಂಬ ಆಕ್ಷೇಪವನ್ನು ಹಾರಿಸಿಬಿಡುವ ಆಸೆ ನಮಗೂ ಇತ್ತು, ಏಕೆಂದರೆ ಅದು ಸಿದ್ಧಾಂತದ ಬುಡಕ್ಕೇ ಬರುತ್ತದೆ. ಪಂಚಾಯಿತಿಯ ಅರ್ಧ ಸ್ಥಾನ ಅವರದು. ಸಾಲದ್ದಕ್ಕೆ, ಕರೆದ ಸಭೆಗೆ ವಾರವಾರವೂ ತಪ್ಪದೆ ಬರುವವರೂ ಅವರೇ. 2000ದಿಂದೀಚೆಗೆ ಬೆಳೆದ ಸ್ತ್ರೀಶಕ್ತಿ ಗುಂಪುಗಳಲ್ಲಿ ಸಭೆ ಉಂಟು, ಹಾಜರಿ ಉಂಟು, ಸಹಿಯೂ ಉಂಟು. ಪ್ರತಿಜ್ಞೆ ಬಿದ್ದುಹೋಯಿತೇ? ಇಲ್ಲ, ಸೊಂಟ ಸರಿಮಾಡಿಕೊಂಡು ಎದ್ದಿತು. ಆ ಸಭೆಯ ನಡುವೆ ಉಳಿತಾಯದ ಹಣ ಇರುತ್ತದೆ, ಯಾರ ಕಂತು ಬಂತು ಯಾರದು ಬರಲಿಲ್ಲ ಎಂಬ ಪುಸ್ತಕ ಇರುತ್ತದೆ. ಬಾಕಿ ಇದ್ದಲ್ಲಿ ಚಳವಳಿ ಎಂಬ ವ್ಯಾಪ್ತಿ ಇದರಿಂದ ಇನ್ನಷ್ಟು ಗಟ್ಟಿಯೇ ಆಯಿತು. 15 ದಿನದೊಳಗೆ ಕೆಲಸ ಕೊಡದಿದ್ದರೆ ಭತ್ಯೆ ಕೊಡಬೇಕೆಂದ 2005ರ ಉದ್ಯೋಗ ಖಾತರಿ ಕಾಯ್ದೆಯ ಜಾಣತನವೂ ಇದೇ ಆಗಿತ್ತು. ಸರ್ಕಾರವನ್ನು ಸಾಲಗಾರನನ್ನಾಗಿ ಮಾಡಿ, ಅರ್ಜಿಗೆ ತಾರೀಖು ಹಾಕಿದ ರಸೀದಿಯನ್ನು ಕೂಲಿಯವರ ಕೈಗೆ ಕೊಟ್ಟಿತು. ಆ ಚೀಟಿಗಿದ್ದ ಶಕ್ತಿ ಎಷ್ಟೋ ಪ್ರಣಾಳಿಕೆಗಳಿಗಿಲ್ಲ.

ಇನ್ನೂ ಎರಡು ಆಕ್ಷೇಪಗಳು. ಚುನಾವಣೆಯ ಹೊತ್ತಿಗೆ ಗಾಡಿಗಟ್ಟಲೆ ಜನ ಸಭೆಗೆ ಹೋಗುತ್ತಾರಲ್ಲ? ಅಲ್ಲಿಯೂ ಲೆಕ್ಕವಿರುತ್ತದೆ, ಅದನ್ನು ಬಿಡಿಸಿ ಹೇಳುವುದು ಶಾಸ್ತ್ರಮರ್ಯಾದೆಯಲ್ಲ. ಹುಲಗೂರಿನ ಖಾದರಶಾವಲಿಯ ದರ್ಗಾಕ್ಕೆ ಹಿಂದೂಗಳೂ ಮುಸಲ್ಮಾನರೂ ನೋಟಿಸಿಲ್ಲದೆ ಬರುತ್ತಾರಲ್ಲ, ಅಲ್ಲಿ ಯಾವ ಬಾಕಿ? ಹರಕೆಯ ಬಾಕಿ. ಶಿಶುನಾಳದ ಶರೀಫರು ಹುಟ್ಟಿದ್ದೇ ಅವರ ತಂದೆತಾಯಿ ಈ ವಲಿಗೆ ಹರಕೆ ಹೊತ್ತ ಮೇಲೆ ಎಂಬುದು ಈ ಸೀಮೆಯ ಐತಿಹ್ಯ. ಮುಂದೆ ಆ ಮಗ ಕಳಸದ ಗೋವಿಂದ ಭಟ್ಟರ ಶಿಷ್ಯನಾದಾಗ ಎರಡೂ ಕಡೆಯವರು ಗೊಣಗಿದರೆಂದೂ ಹೇಳುತ್ತಾರೆ. ಗೊಣಗಿದ್ದು ಕಟ್ಟೆಯ ಮೇಲೇ ಇರಬೇಕು, ನಡಾವಳಿ ಎಲ್ಲೂ ಸಿಗುವುದಿಲ್ಲ.

ಆದ್ದರಿಂದ ಹುಲಗೂರಿನಲ್ಲಿ ಸಂಘಟನೆ ಕಟ್ಟುವವರು ಶಾಮಿಯಾನದ ಖರ್ಚು ಉಳಿಸಿ ಚಾದಂಗಡಿಯ ಉದ್ರಿ ಪುಸ್ತಕವನ್ನೇ ಸದಸ್ಯತ್ವದ ದಫ್ತರವೆಂದು ಸ್ವೀಕರಿಸಬೇಕು. ಪಕ್ಷಭೇದವಿಲ್ಲದೆ ಎಲ್ಲರ ಹೆಸರೂ ಇರುವ, ಸತ್ತವರ ಹೆಸರನ್ನು ಕೂಡಲೇ ಗುರುತು ಹಾಕಿಕೊಳ್ಳುವ ಪಟ್ಟಿ ಊರಲ್ಲಿ ಅದೊಂದೇ. ಈ ಸಲಹೆಗೆ ಚಾದಂಗಡಿಯವರ ಕಡೆಯಿಂದ ಒಂದು ಪೂರ್ವಪಕ್ಷ ಬರುವುದು ಖಂಡಿತ: ಸದಸ್ಯರಾಗುವವರು ಮೊದಲು ಹಳೇ ಬಾಕಿ ಚುಕ್ತಾ ಮಾಡಬೇಕು. ಚುಕ್ತಾ ಮಾಡಿದರೆ ಹೆಸರು ಪುಸ್ತಕದಿಂದ ಹೋಗುತ್ತದೆ, ಮಾಡದಿದ್ದರೆ ಪುಸ್ತಕವೇ ಕೈಗೆ ಸಿಗುವುದಿಲ್ಲ. ಇದಕ್ಕೆ ಉತ್ತರಪಕ್ಷವನ್ನು ಗೌತಮನ ನ್ಯಾಯಸೂತ್ರಗಳಿಂದ ಹಿಡಿದು ಪಂಚಾಯತ್ ರಾಜ್ ಕಾಯ್ದೆಯ ತಿದ್ದುಪಡಿಗಳವರೆಗೆ ಹುಡುಕುತ್ತಿದ್ದೇವೆ.