ಇಲ್ಲದ ಇಂಟರ್‌ವ್ಯೂಗೆ ರೆಪ್ ಮಾಮ

ಬಿ.ಫಾರ್ಮಕ್ಕೋ ಫಾರ್ಮ.ಡಿಗೋ ಸಿಇಟಿ ಸೀಟು ಬೇಕಾದರೆ ನಮ್ಮ ರಾಜ್ಯದಲ್ಲಿ ಇಂಟರ್‌ವ್ಯೂ ಅನ್ನೋದೇ ಇಲ್ಲ. ಫಿಸಿಕ್ಸಿಗೆ 60, ಕೆಮಿಸ್ಟ್ರಿಗೆ 60, ಬಯಾಲಜಿಗೋ ಮ್ಯಾಥ್ಸಿಗೋ ಇನ್ನೊಂದು 60 ಅಂಕದ ಪರೀಕ್ಷೆ ಬರೆದು, ರ‍್ಯಾಂಕು ಬಂದ ಮೇಲೆ ಕೆಇಎ ವೆಬ್‌ಸೈಟಿನಲ್ಲಿ ಆಪ್ಷನ್ ತುಂಬಿದರೆ ಮುಗಿಯಿತು. ಕಂಪ್ಯೂಟರು ಯಾರನ್ನೂ "ನಿನ್ನ ಬಗ್ಗೆ ಎರಡು ಮಾತು ಹೇಳಮ್ಮ" ಅಂತ ಕೇಳುವುದಿಲ್ಲ. ಆ ಕೊರತೆ ನೀಗಿಸಲು, ಮನೆಯಲ್ಲೇ ಇಂಟರ್‌ವ್ಯೂ ಅಭ್ಯಾಸ ಮಾಡಿಸುವ ನಮ್ಮ ರೆಪ್ ಮಾಮ ಶ್ರೀನಿವಾಸಪುರದಲ್ಲಿ ಇದ್ದಾರೆ.

ಇಂಥವರು ಕೋಲಾರ ಜಿಲ್ಲೆಯ ಎಲ್ಲ ತಾಲ್ಲೂಕಿನಲ್ಲೂ ಸಿಗುತ್ತಾರೆ. ಮಾಲೂರಿನಲ್ಲಾದರೆ ಇಂಡಸ್ಟ್ರಿಯಲ್ ಏರಿಯಾದ ಫ್ಯಾಕ್ಟರಿಯಿಂದ ರಿಟೈರಾದವರು. ಹುಡುಗ ಚಪ್ಪಲಿ ಬಿಡುವ ರೀತಿಗೇ ಮಾರ್ಕು ಹಾಕುತ್ತಾರೆ. ಮುಳಬಾಗಿಲಿನವರು ಮೊದಲು ಕುರುಡುಮಲೆ ಗಣಪನಿಗೆ ಕೈ ಮುಗಿಸಿ, ಆಮೇಲೆ ದೋಸೆ ತಿನ್ನಿಸಿ, ಮಿಕ್ಕದ್ದನ್ನು ಗಣಪನಿಗೇ ಬಿಡುತ್ತಾರೆ. ನನ್ನ ಕೇಳಿದರೆ ಮುಳಬಾಗಿಲಿನ ಪದ್ಧತಿಯೇ ವೈಜ್ಞಾನಿಕ. ಆದರೆ ಔಷಧಿ ವಿಷಯದಲ್ಲಿ, ಜೀವಮಾನವೆಲ್ಲ ಬ್ಯಾಗು ಹಿಡಿದು ಈ ಎಲ್ಲ ಊರಿನ ಡಾಕ್ಟರುಗಳ ಬಾಗಿಲು ಕಾದ ಮೆಡಿಕಲ್ ರೆಪ್ಪಿನ ಮಾತು ತೆಗೆದುಹಾಕಲು ಯಾರಿಗೆ ಧೈರ್ಯ?

ಮಾಮನ ಮನೆಯಲ್ಲಿ ದುಡ್ಡು ಕೊಟ್ಟು ತಂದ ಸಾಮಾನು ಕಡಿಮೆ. ಗೋಡೆ ಗಡಿಯಾರ ಕೆಮ್ಮಿನ ಸಿರಪ್ಪಿನದು. ಹೊಟ್ಟೆಯಾಕಾರದ ಕೀಚೈನು ಆಸಿಡಿಟಿ ಮಾತ್ರೆಯವರದು. ಮೇಜಿನ ಮೇಲೆ ಕಾಗದ ಹಾರದಂತೆ ಒಂದು ಪ್ಲಾಸ್ಟಿಕ್ ಲಿವರು ಕೂತಿದೆ. ನೌಕರಿಗೆ ಸೇರಿದ ವಾರ ಮ್ಯಾನೇಜರು ಕಟ್ಟಿಕೊಟ್ಟ ಟೈ ಗಂಟನ್ನು ಮಾಮ ಈವರೆಗೂ ಬಿಚ್ಚಿಲ್ಲ. ಸಡಿಲಿಸಿ, ತಲೆಯಿಂದ ಕಳಚಿ, ಮೊಳೆಗೆ ನೇತುಹಾಕುತ್ತಾರೆ. ಇಂಟರ್‌ವ್ಯೂ ಹೊತ್ತಿಗೆ ಅದು ಬನಿಯನ್ ಮೇಲೆ ಬರುತ್ತದೆ.

ಇಷ್ಟಕ್ಕೆಲ್ಲ ಮೂಲ ಅಮೆರಿಕದಲ್ಲಿರುವ ಅವರ ಷಡ್ಡಕನ ಮಗಳು. ಅಲ್ಲಿ ಫಾರ್ಮಸಿ ಕಾಲೇಜು ಸೇರಲು ನಿಜಕ್ಕೂ ಇಂಟರ್‌ವ್ಯೂ ಇದೆ. ಕೆಲವು ಕಡೆ ಕೋಣೆಗೊಂದು ಪ್ರಶ್ನೆ. ಹೊತ್ತು ಮುಗಿದರೆ ಮುಂದಿನ ಕೋಣೆ. "ಅಲ್ಲಿಗೆ ಬಂದಿದ್ದು ಇಲ್ಲಿಗೆ ಬರದೆ ಇರ್ತದಾ?" ಅನ್ನುವುದು ಮಾಮನ ಸಿದ್ಧಾಂತ. ಅದಕ್ಕೇ ಅವರ ಮನೆಯಲ್ಲೂ ಹಜಾರ, ನಡುಮನೆ, ಕೊಟ್ಟಿಗೆ ಅಂತ ಮೂರು ಘಟ್ಟ. ಪ್ರಶ್ನೆ ಕನ್ನಡದಲ್ಲಿ, ಉತ್ತರ ಇಂಗ್ಲಿಷಿನಲ್ಲಿ, ಬೈಗುಳ ತೆಲುಗಿನಲ್ಲಿ.

ಮಾಮನಿಗೆ ವಿಷಯ ಗೊತ್ತಿಲ್ಲ ಅನ್ನುವ ಹಾಗಿಲ್ಲ. "ಚೇಳು ಕಡಿದ್ರೆ ಏನ್ ಮಾಡ್ತೀಯಾ?" ಎಂದು ಕೇಳುತ್ತಾರೆ. ಕೋಲಾರದ ಮಕ್ಕಳಾದ್ದರಿಂದ ಕೋಲಾರಮ್ಮನ ಗುಡಿಯ ಚೇಳಮ್ಮನಿಗೆ ಹರಕೆ ಎಂದು ಉತ್ತರ ಬರುತ್ತದೆ. "ಅದು ಕಡಿಯೋಕ್ ಮುಂಚೆ! ಕಡಿದ್ಮೇಲೆ ಪ್ರಾಜೋಸಿನ್. ಬಿಪಿ ಮಾತ್ರೆ. ಮಹಾರಾಷ್ಟ್ರದ ಮಹಾಡ್‌ನಲ್ಲಿ ಬಾವಸ್ಕರ್ ಅಂತ ಡಾಕ್ಟ್ರು ಇದನ್ನ ಕೊಟ್ಟು ಎಷ್ಟೋ ಜೀವ ಉಳ್ಸಿದ್ರು." ಅಷ್ಟೂ ನಿಜ. 1948ರ ಫಾರ್ಮಸಿ ಕಾಯಿದೆಯ 42ನೇ ಸೆಕ್ಷನ್ನೂ ಅವರಿಗೆ ಬಾಯಿಪಾಠ: ಡಾಕ್ಟರ ಚೀಟಿಗೆ ಔಷಧಿ ಕೊಡಬೇಕಾದವನು ರಿಜಿಸ್ಟರ್ಡ್ ಫಾರ್ಮಸಿಸ್ಟೇ. ಸರ್ಟಿಫಿಕೇಟು ಅಂಗಡಿ ಗೋಡೆಯಲ್ಲೂ ಅದರ ಯಜಮಾನ ಬೆಂಗಳೂರಿನಲ್ಲೂ ಇರುವುದುಂಟಲ್ಲ ಮಾಮ ಎಂದರೆ, ಅದು ಸಿಲಬಸ್ಸಿನಲ್ಲಿಲ್ಲ ಅನ್ನುತ್ತಾರೆ.

ಹೋದ ಸಲ ಎದುರು ಬೀದಿಯ ಹುಡುಗಿ ಬಂದಳು. ಜೊತೆಗೆ ಅವಳಪ್ಪ, ಎರಡು ಎಕರೆ ಮಾವಿನ ತೋಟದವನು. ಕೌನ್ಸೆಲಿಂಗೂ ಮಾವಿನ ಕೊಯ್ಲೂ ಒಟ್ಟೊಟ್ಟಿಗೇ ಬರುವುದು ಈ ತಾಲ್ಲೂಕಿನ ಹಣೆಬರಹ.

"ಡಿ.ಫಾರ್ಮ ಎರಡು ವರ್ಷ, ಬಿ.ಫಾರ್ಮ ನಾಲ್ಕು, ಫಾರ್ಮ.ಡಿ ಆರು. ಯಾವ್ದಪ್ಪ?" ಎಂದರು ಮಾಮ.

"ತೋತಾಪುರಿ ರೇಟು ನೋಡ್ಕೊಂಡು ಹೇಳ್ತೀನಿ ಸಾರ್" ಎಂದ ಅವನು. ತಮಾಷೆಗೆ ಅಂದದ್ದಲ್ಲ. 2025ರ ಜೂನ್‌ನಲ್ಲಿ ಚಿತ್ತೂರಿನ ಅಧಿಕಾರಿಗಳು ನಮ್ಮ ತೋತಾಪುರಿಗೆ ಗೇಟು ಹಾಕಿದಾಗ ಎಷ್ಟು ಮನೆಗಳಲ್ಲಿ ನಾಲ್ಕು ವರ್ಷದ ಕೋರ್ಸು ಎರಡು ವರ್ಷಕ್ಕೆ ಇಳಿಯಿತೋ.

ಮಾಮ ಹುಡುಗಿಯ ಕಡೆ ತಿರುಗಿ, ಲಿವರನ್ನು ಪಕ್ಕಕ್ಕೆ ಸರಿಸಿ, ಮುಖ್ಯ ಪ್ರಶ್ನೆಗೆ ಬಂದರು. "ಏಮ್ಮಾ, ಫಾರ್ಮಸಿನೇ ಯಾಕೆ?"

ನೀಟ್ ಬರಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ, ಯಾರೂ ಹೇಳಬಾರದ ಉತ್ತರ. ಅವಳು ಅದನ್ನು ಹೇಳಲಿಲ್ಲ. ಸ್ವಲ್ಪ ಯೋಚಿಸಿದಳು.

"ನಮ್ಮಜ್ಜಿ ಬಿಪಿ ಮಾತ್ರೆನ ಬಣ್ಣ ನೋಡಿ ನುಂಗ್ತಾಳೆ ಮಾಮ. ಅಂಗಡಿಯವ್ರು ಒಂದ್ಸಲ ಬೇರೆ ಕಂಪನಿದು ಕೊಟ್ರು. ಅದೇ ಮಾತ್ರೆ, ಬಣ್ಣ ಬೇರೆ. ಅಜ್ಜಿ ಹಳೇದು ಬೇರೆ ಇದು ಬೇರೆ ಅಂದ್ಕೊಂಡು ಎರಡೂ ನುಂಗಿ ತಲೆ ಸುತ್ತಿ ಬಿದ್ಲು. ಕೊಡೋವಾಗ ಯಾರಾದ್ರೂ ಒಂದ್ ಮಾತು ಹೇಳಿದ್ರೆ ಸಾಕಿತ್ತು."

ನಾನು ಕಾಫಿ ಲೋಟ ಕೆಳಗಿಟ್ಟೆ. ಯಾವ ದೇಶದ ಯಾವ ಕೋಣೆಯಲ್ಲಿ ಹೇಳಿದ್ದರೂ ಅವಳಿಗೆ ಅಲ್ಲೇ ಸೀಟು ಕೊಡುತ್ತಿದ್ದರು.

ಮಾಮ ಟೈ ಸರಿಮಾಡಿಕೊಂಡರು. "ಅಂಗಲ್ಲ ಕಣಮ್ಮ. ಮನೆ ವಿಷಯ ಎತ್ತಬಾರ್ದು. ಟು ಸರ್ವ್ ದಿ ಸೊಸೈಟಿ ಅನ್ನು. ಎಲ್ಲಿ, ಇನ್ನೊಂದ್ಸಲ." ಹುಡುಗಿ ಅಂದಳು. ನಡುಮನೆಯಲ್ಲಿ ಮತ್ತೆ ಅಂದಳು. ಕೊಟ್ಟಿಗೆಯಲ್ಲಿ ಅನ್ನುವಾಗ ಹಸು ಒಮ್ಮೆ ತಲೆಯಾಡಿಸಿತು.

ಇತ್ತ ನಿಜವಾದ ತಯಾರಿಯನ್ನೆಲ್ಲ ಮಾಡಿದವನು ಅಪ್ಪ. ಜಾತಿ-ಆದಾಯ ಪತ್ರದ ಆರ್‌ಡಿ ನಂಬರಿಗೆ ನಾಡಕಚೇರಿ, ಗ್ರಾಮೀಣ ವ್ಯಾಸಂಗದ ಪತ್ರಕ್ಕೆ ಸ್ಕೂಲಿನ ಹೆಡ್‌ಮಾಸ್ಟರು, ಅದರ ಮೇಲೆ ಬಿಇಓ ಸಹಿ. ಅವನನ್ನು ಮಾತ್ರ ಎಲ್ಲ ಕಡೆ ಇಂಟರ್‌ವ್ಯೂ ಮಾಡಿದರು.

ಸೀಟು ಬೆಂಗಳೂರಿನಲ್ಲಿ ಸಿಕ್ಕಿತು, ಬಿ.ಫಾರ್ಮ. ಕಾಲೇಜಿನ ಕೌಂಟರಿನಲ್ಲಿ ಗುಮಾಸ್ತರು ಫೈಲಿನಿಂದ ತಲೆ ಎತ್ತದೆ ಕೇಳಿದ್ದು ಒಂದೇ ಪ್ರಶ್ನೆ: "ಹಾಸ್ಟೆಲ್ ಬೇಕಾ?"

ಅಭ್ಯಾಸಬಲ. ಹುಡುಗಿ ನೆಟ್ಟಗೆ ನಿಂತು, "ಗುಡ್ ಮಾರ್ನಿಂಗ್ ಸರ್, ಟು ಸರ್ವ್ ದಿ ಸೊಸೈಟಿ" ಎಂದುಬಿಟ್ಟಳಂತೆ. ಗುಮಾಸ್ತರು ಆಗ ತಲೆ ಎತ್ತಿದರು.

ಊರಿಗೆ ಬಂದು ಅವಳು ಇದನ್ನು ನಗುತ್ತಾ ಹೇಳಿದರೆ ಮಾಮ ನಗಲಿಲ್ಲ. ಮಾತ್ರೆ ಕಂಪನಿಯ ಡೈರಿ ತೆರೆದು ಹೊಸ ಪುಟದಲ್ಲಿ ಬರೆದುಕೊಂಡರು: "ಈ ವರ್ಷದಿಂದ ಹಾಸ್ಟೆಲ್ಲಿನ ಮೇಲೂ ಪ್ರಶ್ನೆ ಬರುತ್ತಿದೆ."