ಚಳಿಗಾಲದ ಚಾಂಪಿಯನ್

ಬೇಸ್‌ಬಾಲ್ ಸೀಸನ್ ಯಾವಾಗ ಶುರು ಅಂತ ಸಿಯಾಟಲ್‌ನಲ್ಲಿ ಯಾರನ್ನು ಕೇಳಿದರೂ ಮಾರ್ಚ್ ಕೊನೆ ಅನ್ನುತ್ತಾರೆ. ನಮ್ಮ ಭಾವನ ಪಂಚಾಂಗವೇ ಬೇರೆ. ಮೈದಾನಕ್ಕೆ ಬೀಗ ಬಿದ್ದು, ಆಟಗಾರರೆಲ್ಲ ಬಿಸಿಲಿರುವ ಊರುಗಳಿಗೆ ಓಡಿಹೋಗಿ, ಇಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲಾಗುವ ನವೆಂಬರ್ ಬಂತೆಂದರೆ ಭಾವ ಮೈ ಕೊಡವಿಕೊಂಡು ಏಳುತ್ತಾರೆ. ಅಲ್ಲಿಂದ ಫೆಬ್ರವರಿ ನಡುವಿನವರೆಗೆ ಸಿಯಾಟಲ್ ಮ್ಯಾರಿನರ್ಸ್ ತಂಡವನ್ನು ನಡೆಸುವವರು ಅವರೇ. ಉಳಿದ ತಿಂಗಳುಗಳಲ್ಲಿ ಆ ಕೆಲಸಕ್ಕೆ ಸಂಬಳ ತೆಗೆದುಕೊಳ್ಳುವ ಬೇರೆಯವರಿದ್ದಾರೆ. ಅವರ ಮೇಲೆ ಭಾವನಿಗೆ ಅಂಥ ಭರವಸೆಯೇನೂ ಇಲ್ಲ.

ಇಂಥವರು ಈ ಊರಲ್ಲಿ ಬೀದಿಗೊಬ್ಬರು. ಹಲ್ಲಿನ ಡಾಕ್ಟರಲ್ಲಿದ್ದಾರೆ, ಸ್ಕೂಲ್ ಬಸ್ ಓಡಿಸುವವರಲ್ಲಿದ್ದಾರೆ, ದೊಡ್ಡ ಕಂಪನಿಗಳಲ್ಲಿ ಕೋಡು ಬರೆಯುವ ನಮ್ಮವರಲ್ಲಂತೂ ಧಾರಾಳವಾಗಿ ಸಿಗುತ್ತಾರೆ. ಗುರುತು ಹಿಡಿಯುವುದು ಕಷ್ಟವಲ್ಲ. ಟೋಪಿ ಹಳೆಯದು, ನಿರೀಕ್ಷೆ ಹೊಸದು. ಮಾತಿನಲ್ಲಿ ‘ನಾವು’ ಅಂದರೆ ಮನೆಯವರಲ್ಲ, ತಂಡ. ಕನ್ನಡ ಸಂಘದ ರಾಜ್ಯೋತ್ಸವದ ಊಟದಲ್ಲಿ ಒಮ್ಮೆ ಭಾವ, “ನಾವೂ ಒಬ್ಬ ಒಳ್ಳೆ ಹುಡುಗನ್ನ ನೋಡ್ತಾನೇ ಇದೀವಿ, ಸಿಕ್ತಾ ಇಲ್ಲ” ಅಂದರು. ಪಕ್ಕದ ಎಲೆಯಲ್ಲಿದ್ದ ಹಿರಿಯರು ಮೈಸೂರಿನಿಂದ ಮಗನ ಮನೆಗೆ ಬಂದವರು. ಭಾವನಿಗೆ ಮದುವೆ ವಯಸ್ಸಿನ ಮಗಳಿರುವುದೂ ಅವರಿಗೆ ಗೊತ್ತು. “ಯಾವ ಥರದವನಾದ್ರೆ ಆಗಬಹುದು?” ಅಂತ ಕಳಕಳಿಯಿಂದ ಕೇಳಿದರು. ಭಾವ ಹೋಳಿಗೆ ಮುರಿಯುತ್ತಾ ಹೇಳಿದರು: “ಎಡಗೈಯವನಾದ್ರೆ ಒಳ್ಳೇದು. ವಯಸ್ಸು ಮೂವತ್ತು ದಾಟಿರಬಾರದು. ಮೊಣಕಾಲು ಆಪರೇಷನ್ ಆಗಿದ್ರೆ ಬೇಡ. ದುಡ್ಡು ಜಾಸ್ತಿ ಕೇಳ್ತಾನೆ, ಕೊಡೋಣ.” ಹಿರಿಯರು ಆಮೇಲೆ ಪಾಯಸವನ್ನೂ ಹಾಕಿಸಿಕೊಳ್ಳದೆ ಎದ್ದರು.

ಭಾವ ಹಾಸನದವರು. ಸಿಯಾಟಲ್‌ಗೆ ಬಂದಿಳಿದದ್ದು 2001ರ ಬೇಸಿಗೆಯಲ್ಲಿ. ಅವರ ಅವಸ್ಥೆಗೆಲ್ಲ ಅದೇ ಮೂಲ. ಆ ವರ್ಷ ಮ್ಯಾರಿನರ್ಸ್ 162 ಪಂದ್ಯಗಳಲ್ಲಿ 116 ಗೆದ್ದು, 1906ರಲ್ಲಿ ಶಿಕಾಗೊ ಕಬ್ಸ್ ಮಾಡಿದ್ದ ದಾಖಲೆಯನ್ನು ಸರಿಗಟ್ಟಿತ್ತು. ಜಪಾನಿನಿಂದ ಬಂದ ಇಚಿರೊ ಮೊದಲ ವರ್ಷವೇ ಊರಿಗೆ ಹುಚ್ಚು ಹಿಡಿಸಿದ್ದ. ಹೊಸದಾಗಿ ಬಂದ ಭಾವ, ಈ ತಂಡ ಯಾವಾಗಲೂ ಹೀಗೇ ಇರಬೇಕು ಅಂದುಕೊಂಡುಬಿಟ್ಟರು. ಪ್ಲೇಆಫ್‌ನಲ್ಲಿ ಯಾಂಕೀಸ್ ಬಡಿದು ಮನೆಗೆ ಕಳಿಸಿದಾಗ “ಪರವಾಗಿಲ್ಲ, ಮುಂದಿನ ವರ್ಷ” ಅಂದರಂತೆ. ಆ ಮುಂದಿನ ವರ್ಷ ಬಂದದ್ದು 2022ರಲ್ಲಿ. ಗ್ರೀನ್ ಕಾರ್ಡ್ ಕೂಡ ಅದಕ್ಕಿಂತ ಬೇಗ ಬಂತು. ಅಷ್ಟು ದೀರ್ಘ ಕಾಲ ಪ್ಲೇಆಫ್ ಮುಖ ಕಾಣದ ತಂಡ ಆಗ ಅಮೆರಿಕದ ದೊಡ್ಡ ಲೀಗುಗಳಲ್ಲಿ ಇನ್ನೊಂದಿರಲಿಲ್ಲ. 1977ರಲ್ಲಿ ಹುಟ್ಟಿದ ಈ ತಂಡ ಇವತ್ತಿಗೂ ವರ್ಲ್ಡ್ ಸೀರೀಸ್ ಆಡಿಲ್ಲ. ಗೆಲ್ಲುವ ಮಾತು ಹಾಗಿರಲಿ, ಆಡಿಯೇ ಇಲ್ಲ. ಲೀಗಿನ 30 ತಂಡಗಳಲ್ಲಿ ಈ ಹಿರಿಮೆ ಇದೊಂದಕ್ಕೇ.

ಬೇರೆ ಊರಿನವನಾಗಿದ್ದರೆ ಬಿಟ್ಟುಬಿಡುತ್ತಿದ್ದ. ಆದರೆ ಆರ್‌ಸಿಬಿಯನ್ನು ಮೊದಲ ಐಪಿಎಲ್‌ನಿಂದ ಸಾಕಿದ ಮನುಷ್ಯನಿಗೆ ಸೋಲೆಲ್ಲ ಯಾವ ಲೆಕ್ಕ? ವರ್ಷದ ಅರ್ಧ ಭಾಗ ಒಂದು ತಂಡಕ್ಕೆ ಕೊರಗಿ, ಇನ್ನರ್ಧ ಇನ್ನೊಂದಕ್ಕೆ ಕೊರಗುವ ವ್ಯವಸ್ಥೆ ಅವರಿಗೆ ಹೊಂದಿಕೊಂಡುಬಿಟ್ಟಿತ್ತು. 2025ರ ಜೂನ್ 3ರಂದು ಆರ್‌ಸಿಬಿ ಕೊನೆಗೂ ಕಪ್ ಗೆದ್ದಾಗ ಭಾವನಿಗೆ ಸಂತೋಷದ ಜೊತೆ ಒಂದು ಸಿದ್ಧಾಂತವೂ ಹೊಳೆಯಿತು. “ಗ್ರಹ ಬದಲಾಗಿದೆ ಕಣೋ. ಅಲ್ಲಿಗೆ ಬಿಟ್ಟ ಶನಿ ಇಲ್ಲಿಗೂ ಬಿಟ್ಟ ಹಾಗೇ.”

ಶಾಸ್ತ್ರ, ಶಕುನ ಎಲ್ಲ ನಮ್ಮ ಕಡೆಯವರಿಗೆ ಮಾತ್ರ ಅಂದುಕೊಳ್ಳಬೇಡಿ. ಮ್ಯಾರಿನರ್ಸ್‌ನ ಹಳೆಯ ಲಾಂಛನ ಒಂದು ತ್ರಿಶೂಲ, ಮೂರು ಮೊನೆಗಳೂ ಕೆಳಗೆ. ಅದನ್ನು ಟೋಪಿಯ ಮೇಲೆ ಹಾಕಿಕೊಂಡರೆ ತಂಡಕ್ಕೆ ಕೇಡು ಅಂತ ಇಲ್ಲಿನ ಬಿಳಿಯರೇ ದಶಕಗಳಿಂದ ನಂಬಿದ್ದಾರೆ. ಭಾವನಿಗೆ ಇದರಲ್ಲಿ ಆಶ್ಚರ್ಯವೇ ಇಲ್ಲ: “ತ್ರಿಶೂಲ ತಲೆಕೆಳಗೆ ಹಿಡಿದರೆ ಈಶ್ವರ ಸುಮ್ಮನಿರ್ತಾನಾ?” 2025ರ ಸೆಪ್ಟೆಂಬರ್‌ನಲ್ಲಿ ತಂಡ ಮುಗ್ಗರಿಸುತ್ತಿದ್ದಾಗ ಅಭಿಮಾನಿಯೊಬ್ಬ ಆನ್‌ಲೈನ್ ಅಂಗಡಿ ಎಟ್ಸಿಯಲ್ಲಿ ಮಾಟಗಾತಿಗೆ ದುಡ್ಡು ಕೊಟ್ಟು ಮಂತ್ರ ಹಾಕಿಸಿದ. ತಂಡ ಸಾಲುಸಾಲಾಗಿ ಗೆದ್ದಿತು, 2001ರ ನಂತರ ಮೊದಲ ಸಲ ತನ್ನ ವಿಭಾಗದಲ್ಲಿ ಮೊದಲನೆಯದಾಯಿತು. ಭಾವ ಇದನ್ನೂ ಒಪ್ಪಿಕೊಂಡರು. ನಮ್ಮಲ್ಲಾದರೆ ಒಂದು ನಿಂಬೆಹಣ್ಣಿನಲ್ಲಿ ಆಗುವ ಕೆಲಸಕ್ಕೆ ಡಾಲರ್ ಕೊಟ್ಟನಲ್ಲ ಅನ್ನುವುದಷ್ಟೇ ಅವರ ತಕರಾರು.

ಲೀಗ್ ಪಂದ್ಯಗಳು ನಡೆಯುವಾಗ ಭಾವ ಬಾಯಿ ಮುಚ್ಚುವವರಲ್ಲ. ಪ್ಲೇಆಫ್ ಬಂತೋ, ಮಾತು ನಿಂತುಹೋಗುತ್ತದೆ. ಆಟ ನೋಡುವುದನ್ನು ಬಿಟ್ಟು ತಾವೇ ಆಡತೊಡಗುತ್ತಾರೆ. ಆ ವರ್ಷ ಡೆಟ್ರಾಯ್ಟ್ ವಿರುದ್ಧದ ಐದನೆಯ ಪಂದ್ಯದಲ್ಲಿ ಏಳನೆಯ ಇನ್ನಿಂಗ್ಸ್ ಹೊತ್ತಿಗೆ ಕಸದ ಚೀಲ ಇಡಲು ಗ್ಯಾರೇಜಿಗೆ ಹೋಗಿದ್ದರು. ಅಷ್ಟರಲ್ಲಿ ಸ್ಕೋರು 2–2 ಸಮವಾಯಿತು. ಮುಗಿಯಿತು, ಅವರ ಜಾಗ ಅಲ್ಲಿಗೆ ನಿಕ್ಕಿ. ಒಂಬತ್ತಕ್ಕೆ ಮುಗಿಯಬೇಕಾದ ಆಟ ಹದಿನೈದು ಇನ್ನಿಂಗ್ಸ್ ಎಳೆಯಿತು. ಹೊರ್ಹೆ ಪೊಲಾಂಕೊ ಹೊಡೆದು 3–2ಕ್ಕೆ ಗೆಲ್ಲಿಸುವವರೆಗೂ ಭಾವ ವಾಷಿಂಗ್ ಮೆಷಿನ್ ಪಕ್ಕ ಸ್ಟೂಲ್ ಹಾಕಿಕೊಂಡು, ಗೋಡೆ ನೋಡುತ್ತಾ, ಒಳಗಿಂದ ಮಗಳು ಕೂಗಿ ಹೇಳಿದ ಸ್ಕೋರು ಕೇಳುತ್ತಾ ಕೂತಿದ್ದರು. ಆ ಗೆಲುವನ್ನು ಊರೆಲ್ಲ ನೋಡಿತು, ಗೆಲ್ಲಿಸಿದವರೊಬ್ಬರು ನೋಡಲಿಲ್ಲ.

ಆಮೇಲೆ ಟೊರಾಂಟೊ ಬ್ಲೂ ಜೇಸ್. ಅವರ ಊರಿಗೇ ಹೋಗಿ ಮೊದಲ ಎರಡು ಪಂದ್ಯ ಗೆದ್ದು ಬಂದದ್ದು, ಸ್ವಂತ ಊರಲ್ಲಿ ಎರಡು ಕಳೆದುಕೊಂಡದ್ದು, ಐದನೆಯದರಲ್ಲಿ ಸ್ವಾರೆಸ್ ಗ್ರ್ಯಾಂಡ್ ಸ್ಲಾಮ್ ಹೊಡೆದು ಮತ್ತೆ ಮುಂದೆ ಹೋದದ್ದು, ಆರನೆಯದು ಕೈಬಿಟ್ಟದ್ದು, ಇದನ್ನೆಲ್ಲ ಭಾವ ಹೇಳಿದರೆ ಒಂದು ಸಂಜೆ ಬೇಕು. ನಾನು ಏಳನೆಯದಕ್ಕೆ ಬರುತ್ತೇನೆ. ಅಕ್ಟೋಬರ್ 20. ಗೆದ್ದರೆ ವರ್ಲ್ಡ್ ಸೀರೀಸ್. ಅವತ್ತೇ ದೀಪಾವಳಿ ಅಮಾವಾಸ್ಯೆ, ಮನೆಯಲ್ಲಿ ಲಕ್ಷ್ಮೀಪೂಜೆ. ಐದನೆಯ ಇನ್ನಿಂಗ್ಸ್‌ನಲ್ಲಿ ನಮ್ಮ ಕ್ಯಾಚರ್ ಕ್ಯಾಲ್ ರಾಲಿ ಹೋಮ್ ರನ್ ಹೊಡೆದು 3–1 ಮಾಡಿದಾಗ ಭಾವನ ಕೈಯಲ್ಲಿ ಅರ್ಧ ಕಡಿದ ಕೋಡುಬಳೆ ಇತ್ತು. ಇನ್ನು ತಿಂದರೂ ಅಪಾಯ, ಇಟ್ಟರೂ ಅಪಾಯ. ಅಕ್ಕ ಮಂಗಳಾರತಿಗೆ ಕರೆದಾಗ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಬಲಗೈಯೊಂದರಲ್ಲೇ ಆರತಿ ತಗೊಂಡರು. ಲಕ್ಷ್ಮಿಗೂ ಕೋಡುಬಳೆ ಕಂಡಿರಬೇಕು.

ಏಳನೆಯ ಇನ್ನಿಂಗ್ಸ್. ಇನ್ನು ಎಂಟು ಔಟು ಸಾಕು. ಬೇಸುಗಳ ಮೇಲೆ ಟೊರಾಂಟೊದ ಇಬ್ಬರಿದ್ದರು. ಕೊನೆಯ ಇನ್ನಿಂಗ್ಸ್‌ಗಳ ಮುಖ್ಯ ಬೌಲರ್ ಅನ್ನಬಹುದಾದ ಮುನ್ಯೋಸ್‌ನನ್ನು ಮ್ಯಾನೇಜರ್ ಡ್ಯಾನ್ ವಿಲ್ಸನ್ ಕರೆಯಲಿಲ್ಲ, ಬಜಾರ್ಡೊನನ್ನು ಕರೆದರು. ಜಾರ್ಜ್ ಸ್ಪ್ರಿಂಗರ್ ಚೆಂಡನ್ನು ಗೋಡೆಯಾಚೆ ಎತ್ತಿಹಾಕಿದ. 4–3. ಆ ಸ್ಕೋರು ಮತ್ತೆ ಅಲುಗಲಿಲ್ಲ. ಕೊನೆಯ ಔಟು ಬಿದ್ದಾಗ, ಆ ವರ್ಷ ಲೀಗಿನಲ್ಲಿ 60 ಹೋಮ್ ರನ್ ಹೊಡೆದ ರಾಲಿ ಮುಂದಿನ ಸರದಿಗೆ ಬ್ಯಾಟು ಹಿಡಿದು ಕಾಯುತ್ತಾ ನಿಂತಿದ್ದ. ಭಾವ ಬಹಳ ಹೊತ್ತು ಮಾತಾಡಲಿಲ್ಲ. ಕೋಡುಬಳೆಯನ್ನು ಬಾಯಿಗಿಟ್ಟು ಅಗಿದರು. ಮೆತ್ತಗಾಗಿತ್ತು.

“ಅಮಾವಾಸ್ಯೆ ದಿನ ಪಂದ್ಯ ಇಟ್ಟರೆ ಇನ್ನೇನಾಗತ್ತೆ” ಅಂದರು ಕೊನೆಗೆ.

“ಟೊರಾಂಟೊದಲ್ಲಿ ಹುಣ್ಣಿಮೆ ಇತ್ತೇನ್ರೀ?” ಅಂದಳು ಅಕ್ಕ, ದೀಪಕ್ಕೆ ಎಣ್ಣೆ ಹಾಕುತ್ತಾ.

ಒಂದು ವಾರ ಸೂತಕ. ವರ್ಲ್ಡ್ ಸೀರೀಸ್‌ನಲ್ಲಿ ಲಾಸ್ ಏಂಜಲೀಸ್ ಡಾಜರ್ಸ್ ಕೂಡ ಏಳನೆಯ ಪಂದ್ಯದವರೆಗೆ ಹೋಗಿ ಟೊರಾಂಟೊವನ್ನು ಸೋಲಿಸಿದಾಗ ಭಾವನಿಗೆ ಖುಷಿಪಡಬೇಕೋ ಬೇಡವೋ ತಿಳಿಯಲಿಲ್ಲ. ನಮ್ಮನ್ನು ಸೋಲಿಸಿದವರು ಗೆದ್ದಿದ್ದರೆ ಚಾಂಪಿಯನ್ನರಿಗೆ ಸೋತೆವು ಅನ್ನುವ ಮರ್ಯಾದೆಯಾದರೂ ಉಳಿಯುತ್ತಿತ್ತು. ಅವರೂ ಸೋತದ್ದು ನ್ಯಾಯವೇ, ಆದರೆ ಲಾಭವಿಲ್ಲದ ನ್ಯಾಯ. ನವೆಂಬರ್ ಮೊದಲ ವಾರ ಲ್ಯಾಪ್‌ಟಾಪ್ ತೆರೆದು ಎಕ್ಸೆಲ್ ಶೀಟಿಗೆ ‘2026’ ಅಂತ ಹೆಸರಿಟ್ಟರು. ಮುಖಕ್ಕೆ ಕಳೆ ಬಂತು.

ಆ ಶೀಟು ನೋಡಬೇಕು ನೀವು. ಯಾರ ಒಪ್ಪಂದ ಎಂದಿಗೆ ಮುಗಿಯುತ್ತದೆ, ಯಾರು ಎಷ್ಟು ಕೇಳಬಹುದು, ಯಾರನ್ನು ಕೊಟ್ಟರೆ ಯಾರು ಬರಬಹುದು, ಎಲ್ಲ ಬಣ್ಣಬಣ್ಣದಲ್ಲಿ. ನಡುಗಾತ್ರದ ಒಂದು ಬ್ಯಾಂಕಿನ ಶಾಖೆ ಇಷ್ಟು ಶಿಸ್ತಿನ ಲೆಕ್ಕ ಇಡಲಾರದು. ಮೊದಲ ಸಾಲು ಜಾಶ್ ನೇಲರ್. ಓಟದಲ್ಲಿ ನಿಧಾನ, ಮೈಯಲ್ಲಿ ಭಾರ, ಆದರೂ ಆ ವರ್ಷ 30 ಬೇಸ್ ಕದ್ದ ಭೂಪ. ತಂಡ ಅವನನ್ನು ಐದು ವರ್ಷಕ್ಕೆ 92.5 ಮಿಲಿಯನ್ ಡಾಲರ್ ಕೊಟ್ಟು ಉಳಿಸಿಕೊಂಡಿತು. ಭಾವ ಕಣ್ಣು ಮಿಟುಕಿಸದೆ ಒಪ್ಪಿಗೆ ಕೊಟ್ಟರು. ಅದೇ ವಾರ ಮಾಡಿನ ಗಟರ್ ಸೋರುತ್ತಿದ್ದದ್ದನ್ನು ಸರಿಮಾಡಲು ಬಂದವನು ಇನ್ನೂರು ಡಾಲರ್ ಹೆಚ್ಚು ಕೇಳಿದನೆಂದು ವಾಪಸು ಕಳಿಸಿದ್ದರು. ಅಕ್ಕ ಬಕೆಟ್ ಇಡುತ್ತಾ ಕೇಳಿದಳು: “ನಿಮ್ಮ ನೇಲರ್‌ಗೆ ಗಟರ್ ರಿಪೇರಿ ಬರತ್ತಾ?”

ಪೊಲಾಂಕೊ ಹೋದದ್ದು ಮಾತ್ರ ನುಂಗಲಾಗಲಿಲ್ಲ. ಗ್ಯಾರೇಜಿನ ಸ್ಟೂಲಿನಿಂದ ತಾವೇ ಹೊಡೆಸಿದ ಹುಡುಗ, ಎರಡು ವರ್ಷಕ್ಕೆ 40 ಮಿಲಿಯನ್ ಅಂತ ನ್ಯೂಯಾರ್ಕ್ ಮೆಟ್ಸ್ ಸೇರಿಬಿಟ್ಟ. “ಕೃತಜ್ಞತೆ ಅನ್ನೋದು ಬೇಡವಾ?” ಅಂದರು ಭಾವ. ಇವರು ಮೂರು ವರ್ಷಕ್ಕೊಂದು ಕಂಪನಿ ಬದಲಾಯಿಸಿ, ಪ್ರತಿ ಸಲವೂ ಷೇರು ಚೌಕಾಸಿ ಮಾಡಿದವರು ಅನ್ನುವುದನ್ನು ಯಾರೂ ಎತ್ತಲಿಲ್ಲ. ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಎಂವಿಪಿ ಪ್ರಶಸ್ತಿಯ ದಿನವೂ ಅಷ್ಟೇ. ಕ್ಯಾಚರ್ ಕೆಲಸ ಅಂದರೆ ವಿಕೆಟ್ ಕೀಪರ್ ಥರ ದಿನವಿಡೀ ಕುಕ್ಕರಗಾಲಲ್ಲಿ ಕೂರುವ ಕೆಲಸ. ಹಾಗೆ ಕೂತು 60 ಹೋಮ್ ರನ್ ಹೊಡೆದವರು ರಾಲಿ ಬಿಟ್ಟರೆ ಇತಿಹಾಸದಲ್ಲೇ ಇಲ್ಲ. ಆದರೂ ಮೊದಲ ಸ್ಥಾನದ 30 ಮತಗಳಲ್ಲಿ 17 ಯಾಂಕೀಸ್‌ನ ಆರನ್ ಜಡ್ಜ್‌ಗೆ ಬಿದ್ದವು, ರಾಲಿಗೆ 13. ಭಾವ ಮರುಎಣಿಕೆ ಕೇಳುವ ಮುಖ ಮಾಡಿಕೊಂಡು ಎರಡು ದಿನ ಓಡಾಡಿದರು.

ತಂಡದ ಆಟಗಾರರನ್ನು ಆರಿಸುವ ಮುಖ್ಯಸ್ಥ ಜೆರ್ರಿ ಡೈಪೋಟೊ ಮೇಲೆ ಅವರದ್ದು ಸೋದರಳಿಯನ ಮೇಲಿನಂಥ ಸಿಟ್ಟು. ಬೈಯುವ ಹಕ್ಕು ತಮಗೊಬ್ಬರಿಗೇ. 2023ರಲ್ಲಿ ಒಂದೇ ಪಂದ್ಯದ ಅಂತರದಲ್ಲಿ ಪ್ಲೇಆಫ್ ತಪ್ಪಿದಾಗ ಡೈಪೋಟೊ, ಹತ್ತು ವರ್ಷ ಶೇಕಡಾ 54ರಷ್ಟು ಗೆಲ್ಲುತ್ತಾ ಹೋದರೆ ವರ್ಲ್ಡ್ ಸೀರೀಸ್ ತಾನಾಗಿ ಬರುತ್ತದೆ ಅನ್ನುವ ಅರ್ಥದಲ್ಲಿ ಮಾತಾಡಿ ಊರೆಲ್ಲರ ಕೈಲಿ ಉಗಿಸಿಕೊಂಡರು. ಭಾವ ಕೆಂಡ: “ಐವತ್ನಾಲ್ಕು ಅಂದ್ರೆ ನಮ್ಮ ಕಾಲದಲ್ಲಿ ಸೆಕೆಂಡ್ ಕ್ಲಾಸು. ಸೆಕೆಂಡ್ ಕ್ಲಾಸಿಗೆ ಯಾವ ಅಪ್ಪ ಸೀಟು ಕೊಡಿಸಿದ್ದಾನೋ?” ಮರುವರ್ಷವೂ ಒಂದೇ ಪಂದ್ಯದಲ್ಲಿ ತಪ್ಪಿತು. ಆದರೆ ಇದೇ ಡೈಪೋಟೊ 2018ರ ಡಿಸೆಂಬರ್‌ನಲ್ಲಿ ಲಾಸ್ ವೇಗಸ್‌ನ ಆಸ್ಪತ್ರೆಯ ಮಂಚದ ಮೇಲಿಂದಲೇ ಮೂರು ತಂಡಗಳ ನಡುವಿನ ಆಟಗಾರರ ಅದಲುಬದಲು ಮುಗಿಸಿದ ಸಂಗತಿಯನ್ನು ಭಾವ ಕಣ್ಣು ತೇವ ಮಾಡಿಕೊಂಡು ಹೇಳುತ್ತಾರೆ. ತಾವೇ ಒಮ್ಮೆ ಪಿತ್ತಕೋಶದ ಆಪರೇಷನ್‌ಗೆ ಮಲಗಿದ್ದಾಗ ಫೋನು ಇಸಿದುಕೊಳ್ಳಲು ಬಂದ ನರ್ಸಮ್ಮನಿಗೂ ಇದನ್ನೇ ಹೇಳಿದರಂತೆ. ಆಕೆಯೂ ಅದೇ ಜಾತಿ. ಐದು ನಿಮಿಷ ಹೆಚ್ಚು ಕೊಟ್ಟಳು.

ಡಿಸೆಂಬರ್, ಜನವರಿಯ ಶನಿವಾರಗಳಲ್ಲಿ ಅವರನ್ನು ನೋಡುವುದೇ ಚೆಂದ. ಇಂಡಿಯನ್ ಸ್ಟೋರ್‌ನ ಫ್ರೋಜನ್ ಹಿತಕಿದವರೆ ಹಾಕಿದ ಉಪ್ಪಿಟ್ಟಿನ ತಟ್ಟೆ ಒಂದು ಕೈಯಲ್ಲಿ, ಫೋನು ಇನ್ನೊಂದರಲ್ಲಿ. ಯಾವನೋ ಪಿಚರ್‌ನ ಭುಜದ ಸ್ಕ್ಯಾನ್ ಸರಿಯಾಗಿ ಬಂತಂತೆ ಅನ್ನುವ ಸುದ್ದಿಗೆ, ಮಗಳ ರಿಸಲ್ಟ್ ಬಂದಾಗಲೂ ಕಾಣದಿದ್ದ ನಗು. ಅವರ ಶೀಟಿನಲ್ಲಿ ಈ ತಂಡ ಯಾವ ಚಳಿಗಾಲದಲ್ಲೂ ಕಪ್ ಸೋತದ್ದಿಲ್ಲ. ಜನವರಿ ಕೊನೆಯ ಹೊತ್ತಿಗೆ ಗೆಲುವು 97 ದಾಟಿತ್ತು. ಗಾಯದ ಕಾಲಮ್ಮು ಖಾಲಿ. ಮುನ್ಯೋಸ್‌ನನ್ನು ಪ್ರತಿ ಸಲವೂ ಸರಿಯಾದ ಹೊತ್ತಿಗೇ ಕರೆಯಲಾಗಿತ್ತು.

ಫೆಬ್ರವರಿಯಲ್ಲಿ ಅರಿಜೋನಾದ ಪಿಯೋರಿಯಾದಲ್ಲಿ ತರಬೇತಿ ಶಿಬಿರ ಶುರುವಾಗುತ್ತದೆ. ಮೊದಲು ಪಿಚರ್‌ಗಳು, ಕ್ಯಾಚರ್‌ಗಳು ಬರುತ್ತಾರೆ. ಟಿವಿಯಲ್ಲಿ ಬಿಸಿಲು, ಹಸಿರು ಹುಲ್ಲು, ಹೊಸ ಟೋಪಿ ಹಾಕಿದ ಹುಡುಗರು. ಊರಿನವರೆಲ್ಲ ಇನ್ನೇನು ಆಟ ಬಂತು ಅಂತ ಹಿಗ್ಗುವಾಗ ಭಾವನ ಮುಖ ಇಳಿಯುತ್ತಾ ಹೋಗುತ್ತದೆ. ಮೊನ್ನೆ ಹೋದಾಗ ಸೋಫಾದಲ್ಲಿ ಮಂಕಾಗಿ ಕೂತಿದ್ದರು. ಯಾರಾದರೂ ಗಾಯ ಮಾಡಿಕೊಂಡರಾ ಅಂತ ಕೇಳಿದೆ. ಇಲ್ಲವಂತೆ, ಎಲ್ಲರೂ ಗಟ್ಟಿಮುಟ್ಟಾಗಿದ್ದಾರಂತೆ. ಮತ್ತೇನು ಅಂದೆ.

“ಇಷ್ಟು ಚೆನ್ನಾಗಿ ನಡೀತಾ ಇತ್ತಲ್ಲೋ,” ಅಂದರು ಶೀಟನ್ನು ಮುಚ್ಚುತ್ತಾ, “ಇನ್ನು ಇವರು ಬಂದು ಆಡೋಕೆ ಶುರುಮಾಡ್ತಾರೆ.”