ಬಾರಾ-ದಸ್ ಕಾಕಾ

ಬೆಳಗಾವಿಯಲ್ಲಿ ಮರ್ಸಿಡಿಸ್ ಇಟ್ಟವರು ಎರಡು ನಮೂನೆ. ಮೊದಲನೆಯವರು ಕಾಂಗ್ರೆಸ್ ರೋಡಿನಲ್ಲಿ ಗಾಜು ಏರಿಸಿ, ಒಳಗೆ ತಣ್ಣಗೆ ಕೂತು, ಯಾರ ಕಡೆಗೂ ನೋಡದೆ ಹೋಗಿಬಿಡುತ್ತಾರೆ. ಅವರ ಬಗ್ಗೆ ಬರೆಯುವಂಥದ್ದೇನೂ ಇಲ್ಲ. ಎರಡನೆಯವರು ಖಾನಾಪುರ ದಾರಿ ಹಿಡಿದ ಮೇಲೆ ಮಚ್ಛೆಯ ಆಚೆ ಈಚೆ ಎಲ್ಲಾದರೂ ಬಾನೆಟ್ ಎತ್ತಿ ನಿಂತಿರುತ್ತಾರೆ, ಹೋಗುವವರು ಬರುವವರು ಎಲ್ಲರ ಕಡೆಗೂ ನೋಡುತ್ತಾರೆ. ಇವರ ಮರ್ಸಿಡಿಸ್ ಟಾಟಾದವರು ಕಟ್ಟಿದ್ದು. ಆರು ಸಿಲಿಂಡರಿನ, 12 ಟನ್ನಿನ 1210 ಟ್ರಕ್. ಊರ ಬಾಯಲ್ಲಿ ಬಾರಾ-ದಸ್. ಮಾಲಕರೂ ಹಾಗೇ ಬಾರಾ-ದಸ್ ಕಾಕಾ ಆಗಿದ್ದಾರೆ. ಈ ಕಾಕಾ ಒಬ್ಬರೇ ಅಲ್ಲ. ಶಹಾಪುರದಲ್ಲಿ ಒಬ್ಬರು, ಅನಗೋಳದಲ್ಲಿ ಒಬ್ಬರು, ಖಾನಾಪುರದ ಹೆಂಚಿನ ಕಾರ್ಖಾನೆಗಳ ಸುತ್ತ ಇನ್ನೊಂದಿಷ್ಟು ಮಂದಿ. ಒಬ್ಬರ ಸಂಗಡ ಅರ್ಧ ತಾಸು ನಿಂತರೆ ಎಲ್ಲರ ಪರಿಚಯವೂ ಆಗುತ್ತದೆ.

ಮರ್ಸಿಡಿಸ್ ಅನ್ನುವುದು ಬರೀ ಬಡಾಯಿಯಲ್ಲ. ಟಾಟಾದವರ ಟೆಲ್ಕೋ ಕಂಪನಿ 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ 15 ವರ್ಷದ ಒಪ್ಪಂದ ಮಾಡಿಕೊಂಡಿತ್ತು. ಆ ಕಾಲದ ಗಾಡಿಗಳ ಮೂಗಿನ ಮೇಲೆ ಮೂರು ಮೂಲೆಯ ನಕ್ಷತ್ರ ಇರುತ್ತಿತ್ತು. 1969ರಲ್ಲಿ ಒಪ್ಪಂದ ಮುಗಿಯಿತು, ನಕ್ಷತ್ರ ಇಳಿಯಿತು, ಟಾಟಾದ ‘ಟಿ’ ಏರಿತು. ಕಾಕಾರ ಗಾಡಿ ಎಪ್ಪತ್ತರ ದಶಕದ್ದು. ಆದರೂ ಅದರ ಮೂಗಿನ ಮೇಲೆ ನಕ್ಷತ್ರವೇ ಇದೆ. ಗುಜರಿ ಅಂಗಡಿಯಿಂದ ತಂದು ಬೆಸುಗೆ ಹಾಕಿಸಿದ್ದು. ಕೇಳಿದರೆ, “ಕಾಗದದ ಮ್ಯಾಲಿನ ಒಪ್ಪಂದ ಹರೀತು. ರಕ್ತ ಹರೀತೇನು?” ಅನ್ನುತ್ತಾರೆ. ಇದಕ್ಕೆ ಜರ್ಮನಿಯವರೂ ಉತ್ತರ ಕೊಡಲಾರರು.

ಗಾಡಿಗೆ ಇರುವ ರೋಗ ಒಂದೇ. ಕಾಯುವುದು. ಡ್ಯಾಶ್‌ಬೋರ್ಡಿನ ಮೀಟರಿನ ಮುಳ್ಳು ಯಾವುದೋ ಕಾಲದಲ್ಲಿ ನಡುವೆ ನಿಂತದ್ದು ಅಲ್ಲೇ ನಿಂತಿದೆ. ಹಿಮಾಲಯಕ್ಕೆ ಹೋದರೂ ಅಷ್ಟೇ, ಬೆಂಕಿ ಬಿದ್ದರೂ ಅಷ್ಟೇ. ಆದ್ದರಿಂದ ಕಾಕಾ ಬಾನೆಟ್ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ತುಸು ಹೊತ್ತು ಬಿಟ್ಟು ತೀರ್ಪು ಕೊಡುತ್ತಾರೆ. ಕಾಕಾರ ಹೆಂಡತಿ ಕಾಕುಗೆ ಇರುವ ಸಿಟ್ಟೇ ಇದು. “ಮೊನ್ನೆ ನನಗ ಮೂರು ದಿನ ಜ್ವರ. ಹಣಿ ಮುಟ್ಟಿ ನೋಡಿದ್ರ ಕೇಳ್ರಿ. ಅದರ ಹಣಿ ಮಾತ್ರ ದಿನಾ ಮುಟ್ಟಿ ಮುಟ್ಟಿ ಬಣ್ಣ ಹೋಗೈತಿ.” ಹೋಗಿ ನೋಡಿದರೆ ಹೌದು, ಬಾನೆಟ್ಟಿನ ಎಡಮೂಲೆಯಲ್ಲಿ ಒಂದು ಅಂಗೈಯಷ್ಟು ಬಣ್ಣ ಇಲ್ಲ.

ಗಾಡಿ ಯಾಕೆ ಕಾಯುತ್ತದೆ ಎಂಬುದಕ್ಕೆ ಕಾಕಾರ ಹತ್ತಿರ ಋತುಮಾನಕ್ಕೆ ತಕ್ಕ ಕಾರಣಗಳಿವೆ. 2020ರ ಏಪ್ರಿಲ್‌ನಿಂದ ದೇಶದ ತುಂಬ ಬಿಎಸ್-6 ಡೀಸೆಲ್ ಬಂತಲ್ಲ, ಅವತ್ತಿನಿಂದ ತಪ್ಪೆಲ್ಲ ಅದರದ್ದೇ. “ಗಂಧಕ ತಗದಾರ್ರಿ. ಸತ್ವಾನ ಇಲ್ಲ.” ಗಂಧಕ ತೆಗೆದದ್ದು ನಿಜ, ಆದರೆ ಅದಕ್ಕೂ ರೇಡಿಯೇಟರಿನ ನೀರಿಗೂ ಸಂಬಂಧವಿಲ್ಲ. ಮೇ ತಿಂಗಳಲ್ಲಿ ತಪ್ಪು ಬಿಸಿಲಿನದು, ಜುಲೈನಲ್ಲಿ ಕೆಸರಿನದು. ಡಿಸೆಂಬರಿನಲ್ಲಿ ಮಾತ್ರ ರೋಗ ತಿರುವು ಹೊಡೆಯುತ್ತದೆ: ಬೆಳಿಗ್ಗೆ ಎಂಜಿನ್ ಬಿಸಿಯೇ ಆಗುವುದಿಲ್ಲ, ಬಿಳಿ ಹೊಗೆ ಬಿಟ್ಟುಕೊಂಡು ಕೆಮ್ಮುತ್ತದೆ. ಅದರ ಮೂಲ ಬಹಳ ಹಿಂದಿನದು. ಯಾವನೋ ಮಿಸ್ತ್ರಿ ಥರ್ಮೋಸ್ಟಾಟ್ ಕಿತ್ತು ಎಸೆದಿದ್ದ. “ನೀರ ಹರಿಯೂ ದಾರ್ಯಾಗ ಈ ಬಾಗಲಾ ಯಾಕ ಬೇಕ್ರಿ?” ಎಂಬುದು ಅವನ ವಾದ. ನೀರು 80 ಡಿಗ್ರಿಯ ಆಸುಪಾಸು ಮುಟ್ಟುವ ತನಕ ಆ ಬಾಗಿಲು ಮುಚ್ಚಿಕೊಂಡು ಎಂಜಿನ್ನನ್ನು ಬೆಚ್ಚಗೆ ಮಾಡುತ್ತದೆ, ಆಮೇಲೆ ತೆರೆದು ನೀರನ್ನು ರೇಡಿಯೇಟರಿಗೆ ಬಿಡುತ್ತದೆ. ಅದು ಹೋದ ಮೇಲೆ ಎಂಜಿನ್ನಿಗೆ ಬೆಳಗಿನ ಚಳಿ ತಪ್ಪಲಿಲ್ಲ, ಮಧ್ಯಾಹ್ನದ ಉರಿಯೂ ಹೋಗಲಿಲ್ಲ. ಹೀಗಾಗಿ ಚಳಿಗಾಲದಲ್ಲಿ ಕಾಕಾ ರೇಡಿಯೇಟರಿಗೆ ಬೆಳಿಗ್ಗೆ ಒಣ ಗೋಣಿಚೀಲ ಹೊದಿಸುತ್ತಾರೆ, ಮಧ್ಯಾಹ್ನ ಅದನ್ನೇ ನೆನೆಸಿ ಬಾನೆಟ್ ಮೇಲೆ ಹಾಕುತ್ತಾರೆ.

ಬೆಳಗಾವಿಯ ಎತ್ತರವೂ ಒಂದಿಷ್ಟು ಕಾರಣ ಅನ್ನಬಹುದು. ಊರು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ತೆರೆದ ಪಾತ್ರೆಯ ನೀರು ಇಲ್ಲಿ 97-98 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರಿನ ಕ್ಯಾಪ್ ಇರುವುದೇ ಇದಕ್ಕೆ. ಅದರೊಳಗಿನ ಸ್ಪ್ರಿಂಗು ಒತ್ತಡ ಹಿಡಿದಿಟ್ಟರೆ ನೀರು ಕುದಿಯಲು ಹತ್ತು ಡಿಗ್ರಿಯಾದರೂ ಹೆಚ್ಚು ಬೇಕಾಗುತ್ತದೆ. ಕಾಕಾರ ಕ್ಯಾಪಿನಲ್ಲಿ ಸ್ಪ್ರಿಂಗ್ ಇಲ್ಲ. ಸೈಕಲ್ ಟ್ಯೂಬಿನ ಒಂದು ತುಂಡು ಇದೆ, ಮೇಲೆ ತಂತಿ ಸುತ್ತಿದ್ದಾರೆ.

ಬಾನೆಟ್ ಎತ್ತಿದ ಟ್ರಕ್ಕಿಗೆ ಸಲಹೆ ಕೊಡದೆ ಮುಂದೆ ಹೋಗುವವನು ನಮ್ಮ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ಮೊದಲು ಚಹಾದಂಗಡಿ ಮಾಮಾ ಬರುತ್ತಾರೆ: “ಅರಿಶಿಣ ಪುಡಿ ಹಾಕ್ರಿ ಕಾಕಾ, ಸೋರಿಕೆ ಬಂದ್ ಆಗ್ತೈತಿ.” ಇದು ಸುಳ್ಳಲ್ಲ, ಸಣ್ಣ ತೂತಿಗೆ ಅರಿಶಿಣ ಕಚ್ಚಿಕೊಂಡು ಊರು ಮುಟ್ಟಿಸುತ್ತದೆ. ಆದರೆ ಅದೇ ಅರಿಶಿಣ ತೂತಿಲ್ಲದ ಕೊಳವೆಗಳಲ್ಲೂ ಕೂತುಕೊಳ್ಳುತ್ತದೆ. ಕಾಕುವಿನ ಡಬ್ಬಿಯಿಂದ ಈವರೆಗೆ ಆ ರೇಡಿಯೇಟರಿನೊಳಗೆ ಹೋದ ಅರಿಶಿಣದಲ್ಲಿ ಎರಡು ಮದುವೆ ಆಗುತ್ತಿದ್ದವು. ಆಮೇಲೆ ಬುಲೆಟ್ ಮೇಲೆ ನಿವೃತ್ತ ಸುಬೇದಾರರು ಬರುತ್ತಾರೆ, ಮರಾಠಾ ಲೈಟ್ ಇನ್‌ಫಂಟ್ರಿಯವರು. ಜಬಲ್ಪುರದಲ್ಲಿ ತಯಾರಾಗುತ್ತಿದ್ದ ಶಕ್ತಿಮಾನ್ ಟ್ರಕ್ಕಿನ ಕಥೆ ಶುರುವಾಗುತ್ತದೆ. ಕಥೆ ಗಡಿ ಮುಟ್ಟುವಷ್ಟರಲ್ಲಿ ಎಂಜಿನ್ ತಾನಾಗಿಯೇ ಆರಿರುತ್ತದೆ. ಟ್ರ್ಯಾಕ್ಟರ್ ಮಿಸ್ತ್ರಿಯೊಬ್ಬ ಬೈಕ್ ಮೇಲಿಂದ ಇಳಿಯದೆಯೇ “ಹೆಡ್ ಗ್ಯಾಸ್ಕೆಟ್ ಹೋಗೈತಿ” ಎಂದು ಹೇಳಿ ಹೋಗಿಬಿಡುತ್ತಾನೆ.

ಮಚ್ಛೆಯಲ್ಲಿ ಗಾಡಿ ಕಾದರೆ ಇನ್ನೊಂದು ಅನುಕೂಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಅಲ್ಲೇ ಇದೆ. ಎಂಜಿನಿಯರುಗಳಿಗೆ ಡಿಗ್ರಿ ಕೊಡುವ ಜಾಗದ ಹತ್ತಿರವೇ ತಮ್ಮ ಎಂಜಿನ್ನಿನ ಡಿಗ್ರಿ ಏರುತ್ತದೆ ಎಂಬುದು ಕಾಕಾರ ಬಹುಕಾಲದ ವಿನೋದ. ಒಂದು ದಿನ ಒಬ್ಬ ವಿದ್ಯಾರ್ಥಿ ನಿಜವಾಗಿಯೂ ನಿಂತ. ಚೀಲದಿಂದ ಗನ್ ಥರ್ಮಾಮೀಟರ್ ತೆಗೆದ.

“ತಮ್ಮಾ, ಇದು ಕೊರೋನಾದಾಗ ಹಣಿಗೆ ಹಿಡೀತಿದ್ರಲ್ಲಾ, ಅದಾ?”

“ಅಲ್ರಿ ಕಾಕಾ, ಇದು ಬ್ಯಾರೆ. ಮಷಿನ್ನಿಂದು.”

“ಹಿಡಿ ಹಂಗಾರ. ಜ್ವರ ಎಷ್ಟು ಐತಿ?”

ಹುಡುಗ ರೇಡಿಯೇಟರಿನ ಮೈಮೇಲೆ ಗೇಣು ಗೇಣಿಗೆ ಕೆಂಪು ಚುಕ್ಕೆ ಇಡುತ್ತ ಹೋದ. ನಡುವೆ 90 ದಾಟಿತ್ತು. ಎಡಕ್ಕೆ 50ರ ಹತ್ತಿರ. ಬಲಮೂಲೆ ಇನ್ನೂ ತಣ್ಣಗೆ. ತಣ್ಣಗಿದ್ದ ಕಡೆಯೇ ರೋಗ ಎಂದ. ಅಲ್ಲಿ ಬಿಸಿನೀರು ಹರಿಯುತ್ತಲೇ ಇಲ್ಲ, ಕೊಳವೆಗಳು ಕಟ್ಟಿಕೊಂಡಿವೆ, ಅರ್ಧ ರೇಡಿಯೇಟರು ಇಡೀ ಎಂಜಿನ್ನಿನ ಕೆಲಸ ಮಾಡುತ್ತಿದೆ. ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಒಂದು ಬೆರಳು ದಪ್ಪ ಇಳಿಯಬೇಕಾದದ್ದು ಒಂದು ಮುಷ್ಟಿ ಇಳಿಯಿತು.

ಕಾಕಾ ಒಪ್ಪಿದರು, ಒಂದು ತಿದ್ದುಪಡಿಯೊಂದಿಗೆ. “ಬೋರಿನ ನೀರು ಹಾಕಿದ್ದಕ್ಕ ಹಿಂಗ ಆತು. ಇದು ಖಾನಾಪುರದ ಗಾಡಿ, ಮಲಪ್ರಭಾ ನೀರು ಕುಡದು ಬೆಳದದ್ದು.” ನಗಬೇಡಿ. ಕಾಕಾ ಆಡಿದ ಮಾತುಗಳಲ್ಲಿ ವಿಜ್ಞಾನಕ್ಕೆ ಅತಿ ಹತ್ತಿರದ್ದು ಇದೇ. ಬೋರ್‌ವೆಲ್ಲಿನ ಗಡಸು ನೀರು ಕಾದಾಗ ಅದರಲ್ಲಿನ ಸುಣ್ಣದಂಶ ಕೊಳವೆಗೆ ಕಚ್ಚಿಕೊಂಡು ಕಿಟ್ಟ ಕಟ್ಟುತ್ತದೆ. ಕಣಕುಂಬಿಯಲ್ಲಿ ಹುಟ್ಟಿ ಖಾನಾಪುರ ದಾಟುವ ಹೊಳೆಯ ನೀರು ಅದಕ್ಕಿಂತ ಮೃದು. ಕೂಲಂಟ್ ಹಾಕಿ ಎಂದರೆ ಮಾತ್ರ ಕಾಕಾ ಕೇಳುವವರಲ್ಲ. “ಹಸರು ನೀರಿಗೆ ರೊಕ್ಕಾ ಕೊಡೂದು ಏನ?”

ಇಷ್ಟರಲ್ಲಿ ಹುಡುಗನ ಕಣ್ಣು ಬೋರ್ಡಿನ ಮೇಲೆ ಬಿತ್ತು. ರೇಡಿಯೇಟರಿನ ಎದುರಿಗೆ ಜಾಲರಿ ಮುಚ್ಚುವ ಹಾಗೆ ಅರ್ಧ ಇಂಚಿನ ಹಲಗೆ. ಅದರ ಮೇಲೆ ‘ಶ್ರೀ ಸವದತ್ತಿ ಎಲ್ಲಮ್ಮ ಪ್ರಸನ್ನ’. ಕೆಳಗೆ ಇಬ್ಬರು ಮೊಮ್ಮಕ್ಕಳ ಹೆಸರು. ಎರಡೂ ಬದಿಗೆ ಹಾರ್ನು, ನಡುವೆ ಪ್ಲಾಸ್ಟಿಕ್ ಹೂವಿನ ಹಾರ, ಕೆಳಗೆ ನಿಂಬೆಹಣ್ಣು ಮೆಣಸಿನಕಾಯಿ. ಗಾಳಿ ಒಳಗೆ ಹೋಗಬೇಕೆಂದರೆ ದೇವಿ, ಮೊಮ್ಮಕ್ಕಳು, ಹಾರ್ನು ಎಲ್ಲರ ಅಪ್ಪಣೆ ಕೇಳಬೇಕು.

“ಇದನ್ನ ಬಿಚ್ಚಬೇಕಾಗ್ತೈತ್ರಿ.”

ಕಾಕಾ ಕೈ ಮುಗಿದರು, ಬೋರ್ಡಿಗೆ. ಅದು ಸಾಧ್ಯವಿಲ್ಲ ಎಂದು ಅರ್ಥ. ಆಗ ಕ್ಲೀನರ್ ಹುಡುಗ, ಪಾಪ, ಲೋಕಜ್ಞಾನ ಇಲ್ಲದವನು, ಬಾಯಿಬಿಟ್ಟ: “ಘಾಟದಾಗ ನಾವು ಬಿಚ್ಚೇ ಒಯ್ತೇವಲ್ರಿ. ಕ್ಯಾಬಿನ್ನಿನೊಳಗ ಇಡ್ತೇವು.”

ಕಾಕಾರ ಇನ್ನೊಂದು ಮುಖ ಅಲ್ಲಿ ಹೊರಬಿತ್ತು. ಇದೇ ಗಾಡಿ ಗೋವಾದಿಂದ ಬರುವಾಗ ಮೋಲೆಂನಿಂದ ಅನಮೋಡ ಘಾಟ ಹತ್ತುತ್ತದೆ. ಅಲ್ಲಿ ಅದು ಕಾದದ್ದನ್ನು ಕಂಡವರಿಲ್ಲ. ಕಾಕಾ ರಾತ್ರಿ ತಂಪು ಹೊತ್ತಿನಲ್ಲೇ ಹತ್ತಿಸುತ್ತಾರೆ. ಮೇಲಿನ ಗೇರಿನಲ್ಲಿ ಎಳೆದಾಡುವುದಿಲ್ಲ, ಮೊದಲೇ ಗೇರು ಇಳಿಸಿ ಎಂಜಿನ್ನಿಗೆ ಸುತ್ತು ಕೊಡುತ್ತಾರೆ. ಎಂಜಿನ್ ಸುತ್ತಿದಷ್ಟೂ ಪಂಪು ನೀರು ದೂಡುತ್ತದೆ, ಫ್ಯಾನು ಗಾಳಿ ಎಳೆಯುತ್ತದೆ. ಮೇಲೆ ಮುಟ್ಟಿದ ಕೂಡಲೇ ಬಂದ್ ಮಾಡುವುದಿಲ್ಲ, ಐದು ನಿಮಿಷ ಸಾವಕಾಶ ಓಡಲು ಬಿಡುತ್ತಾರೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿದು ಹೆಡ್ ಸೀಳಿಸಿಕೊಂಡ ಹುಡುಗರನ್ನು ಬೈದು ಬುದ್ಧಿ ಹೇಳಿದವರೂ ಇವರೇ. ಹೊಸ ಗಾಡಿಯ ಡ್ರೈವರುಗಳು ಘಾಟದ ವಿಷಯಕ್ಕೆ ಕಾಕಾರ ಮಾತು ಕೇಳುತ್ತಾರೆ, ಕೇಳಬೇಕಾದದ್ದೇ. ಜನ ಇಲ್ಲದ ತಿರುವಿನಲ್ಲಿ ಒಮ್ಮೆಯೂ ಕಾಯದ ಗಾಡಿ ಮಚ್ಛೆ, ದೇಸೂರು ಕ್ರಾಸ್, ಗಣೇಬೈಲು, ಖಾನಾಪುರದ ಹೊಳೆ ಹತ್ತಿರ ಮಾತ್ರ ತಪ್ಪದೆ ಕಾಯುತ್ತದೆ. ನಾಲ್ಕೂ ಕಡೆ ಚಹಾ ಸಿಗುತ್ತದೆ.

ಹುಡುಗನ ಮಾತಿಗೆ ಕಟ್ಟುಬಿದ್ದು, ಕಾಕು ಗಂಟು ಬಿದ್ದು, ಕೊನೆಗೆ ರೇಡಿಯೇಟರ್ ಇಳಿಯಿತು. ರಿಪೇರಿಯವನು ಮೇಲಿನ ಟ್ಯಾಂಕ್ ಬಿಚ್ಚಿ ಒಂದೊಂದೇ ಕೊಳವೆಗೆ ರಾಡ್ ಹಾಕಿ ತಿವಿದ. ಸುಣ್ಣ, ತುಕ್ಕು, ಹಳದಿ ರಾಡಿ ಬುಟ್ಟಿಗಟ್ಟಲೆ ಬಂತು. ಕಿಟ್ಟ ಹೋದ ಮೇಲೆ ಅಲ್ಲಲ್ಲಿ ಹೊಸ ತೂತು ಕಂಡವು. ಇಷ್ಟು ದಿನ ಅವನ್ನು ಮುಚ್ಚಿದ್ದೇ ಕಿಟ್ಟ. ಅದಕ್ಕೆಲ್ಲ ಬೆಸುಗೆ. ಹೊಸ ಬೆಲ್ಟು, ಸ್ಪ್ರಿಂಗ್ ಇರುವ ಕ್ಯಾಪು, ಥರ್ಮೋಸ್ಟಾಟು. ಎಲ್ಲಮ್ಮ ಕ್ಯಾಬಿನ್ನಿನ ನೆತ್ತಿಗೆ ಏರಿದಳು, ಅಲ್ಲಿ ಇನ್ನೂ ಚಂದ ಕಾಣುತ್ತಿದ್ದಳು. ಗಾಡಿ ಕಾಯುವುದು ನಿಂತುಹೋಯಿತು.

ಕಾಕಾ ಬಡವಾದರು. ಬೆಳಗಾವಿಯಿಂದ ಹೊರಟರೆ ಸೀದಾ ಖಾನಾಪುರ, ಹೆಂಚು ಹೇರಿದರೆ ಸೀದಾ ಬೆಳಗಾವಿ. ನಡುವೆ ನಿಲ್ಲಲು ಕಾರಣವೇ ಇಲ್ಲ. ಚಹಾದಂಗಡಿ ಮಾಮಾ ಮನೆಗೇ ಫೋನು ಮಾಡಿ, “ಕಾಕಾ ಆರಾಮ ಅದಾರಿಲ್ಲೋ?” ಎಂದು ಕೇಳಿದರು. ಸುಬೇದಾರರ ಶಕ್ತಿಮಾನ್ ಗಡಿ ಮುಟ್ಟದೆ ಅರ್ಧಕ್ಕೇ ನಿಂತಿತು. ಮನೆಯಲ್ಲಿ ಹೊತ್ತು ಹೋಗದೆ ಕಾಕಾ ಕಾಕುವಿನ ಹಣೆ ಮುಟ್ಟಿ ನೋಡಿದರಂತೆ. ಹೆದರಿ ಕಾಕುವೇ ಹೇಳಿದರು: “ಹೋಗ್ರಿ, ಗಾಡಿ ಕಡೆ ಹೋಗ್ರಿ.”

‘ಮಾರಿಬಿಡ್ರಿ’ ಎಂದು ಸಲಹೆ ಕೊಟ್ಟವರೂ ಇದ್ದರು. ವಿಂಟೇಜ್ ಎಂದು ನೋಂದಾಯಿಸಿ ಅಂಗಳದಲ್ಲಿ ನಿಲ್ಲಿಸಿರಿ ಎಂದವರೂ ಇದ್ದರು. 2021ರ ಕೇಂದ್ರದ ನಿಯಮ ಓದಿದರೆ, ವಾಹನಕ್ಕೆ 50 ವರ್ಷ ದಾಟಿರಬೇಕು, ಎರಡೋ ನಾಲ್ಕೋ ಗಾಲಿ ಇರಬೇಕು, ಮೂಲರೂಪ ಉಳಿದಿರಬೇಕು, ಬಾಡಿಗೆಗೆ ಓಡಿಸುವಂತಿಲ್ಲ. ಕಾಕಾರ ಗಾಡಿಗೆ ಆರು ಗಾಲಿ. ಮೂಲರೂಪದಲ್ಲಿ ಉಳಿದದ್ದು ಚಾಸಿ ಮತ್ತು ಕಾಕಾ. ಬಾಡಿಗೆ ಓಡಿಸುವುದನ್ನು ನಿಲ್ಲಿಸುವ ಪ್ರಶ್ನೆಯೇ ಇಲ್ಲ, ಪಾಸಿಂಗಿನ ಖರ್ಚು ಅದರಲ್ಲೇ ಹುಟ್ಟಬೇಕು.

ಮಳೆಗಾಲ ಮುಗಿಯುವ ಹೊತ್ತಿಗೆ ಎಲ್ಲಮ್ಮನ ಬೋರ್ಡು ಕೆಳಗಿಳಿದು ಹಳೆಯ ಜಾಗಕ್ಕೆ ಬಂದಿತ್ತು. ಮೂರನೆಯ ಮೊಮ್ಮಗು ಹುಟ್ಟಿದ್ದರಿಂದ ಹಲಗೆ ಒಂದು ಗೇಣು ಅಗಲವಾಗಿತ್ತು. ದೇಸೂರು ಕ್ರಾಸಿನಲ್ಲಿ ಮತ್ತೆ ಬಾನೆಟ್ ಎದ್ದಿತು. ಒಳಗೆ ಎಲ್ಲ ಹೊಸದಿದ್ದುದರಿಂದ ನೀರು ಕುದಿದಿರಲಿಲ್ಲ, ತುಸು ಬೆಚ್ಚಗಾಗಿತ್ತು ಅಷ್ಟೇ. ಎರಡು ಚಹಾಕ್ಕೆ ಅಷ್ಟು ಸಾಕು.

ಖಾನಾಪುರ ರಸ್ತೆಯಲ್ಲಿ ನೀವು ಹೋಗುವಾಗ ಇಂಥ ಗಾಡಿ ಕಂಡರೆ ಗಾಬರಿಯಾಗಬೇಡಿ, ನೀರಿನ ಬಾಟಲಿಯನ್ನೂ ತೆಗೆಯಬೇಡಿ. ಕೈಯಲ್ಲಿ ಒಂದು ತಾಸು ಬಿಡುವಿದ್ದರೆ ಮಾತ್ರ ನಿಂತು “ಏನಾಗೈತ್ರಿ ಕಾಕಾ?” ಅನ್ನಿ. ಚಹಾದ ದುಡ್ಡು ಅವರು ನಿಮಗೆ ಕೊಡಗೊಡುವುದಿಲ್ಲ. ಬಿಸಿ ರೇಡಿಯೇಟರಿನ ಕ್ಯಾಪಿಗೆ ಮಾತ್ರ ಕೈ ಹಚ್ಚಬೇಡಿ, ಈಗ ಅದರೊಳಗೆ ಸ್ಪ್ರಿಂಗ್ ಇದೆ.